ಹಳೇ ವಿಂಡೋಸ್ ಲ್ಯಾಪ್‌ಟಾಪ್ ಎಕ್ಸ್‌ಚೇಂಜಿಗೆ ಕೊಟ್ಟು ಮ್ಯಾಕ್ ತಗೊಳ್ಳೋ ಮುಂಚೆ ಇದನ್ನೊಮ್ಮೆ ಓದಿ

ಮ್ಯಾಕ್ ಕೆಟ್ಟದ್ದು ಅಂತ ಹೇಳೋಕೆ ಇದನ್ನು ಬರೆಯುತ್ತಿಲ್ಲ. ಯಂತ್ರ ಚೆನ್ನಾಗಿಯೇ ಇದೆ. ಬ್ಯಾಟರಿ ಬೆಳಿಗ್ಗೆಯಿಂದ ಸಂಜೆ ತನಕ ಬರುತ್ತದೆ, ಫ್ಯಾನಿನ ಸದ್ದಿಲ್ಲ, ತೊಡೆ ಸುಡುವುದಿಲ್ಲ. ನಾನು ಹೇಳಬೇಕಾಗಿರುವುದು ಬೇರೆ. ವರ್ಷಗಟ್ಟಲೆ ಕೂಡಿಟ್ಟ ಮನೆ ಫೋಟೋಗಳನ್ನು ಒಂದೇ ವಾರದಲ್ಲಿ ಕೈಯಾರೆ ಅಳಿಸಿಕೊಂಡೆ. ವೈರಸ್ ಬರಲಿಲ್ಲ, ಯಾರೂ ಕದಿಯಲಿಲ್ಲ, ಡಿಸ್ಕ್ ಕೆಟ್ಟುಹೋಗಲಿಲ್ಲ. ವಿಂಡೋಸ್ ಅಭ್ಯಾಸದ ಮೇಲೆ ಎರಡು ಕಡೆ ಗುಂಡಿ ಒತ್ತಿದೆ, ಅಷ್ಟೇ.

ನನ್ನದು ಹಾಸನದಲ್ಲಿ ಸಣ್ಣ ಡಿಟಿಪಿ ಅಂಗಡಿ. ಜೆರಾಕ್ಸ್, ಅರ್ಜಿ ಟೈಪಿಂಗ್, ಮದುವೆ ಕಾರ್ಡು, ಜೊತೆಗೆ ನಾಲ್ಕೈದು ಅಂಗಡಿಯವರ ಟ್ಯಾಲಿ ಲೆಕ್ಕ, ಜಿಎಸ್‌ಟಿ. ಹಳೇ ವಿಂಡೋಸ್ ಲ್ಯಾಪ್‌ಟಾಪ್ ಆನ್ ಮಾಡಿ ಟೀ ಕುಡಿದು ಬಂದರೂ ಇನ್ನೂ ಸುತ್ತುತ್ತಾ ಇರುತ್ತಿತ್ತು. ಅಕ್ಕನ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಬಂದಾಗಲೆಲ್ಲ, "ಮಾವ, ಈ ಡಬ್ಬ ಬಿಸಾಕಿ ಒಂದ್ಸಲ ಮ್ಯಾಕ್ ತಗೊಳ್ಳಿ, ಎಂಟು ವರ್ಷ ತಲೆನೋವಿರಲ್ಲ" ಅನ್ನುತ್ತಿದ್ದ. ಅವನ ಕೆಲಸಕ್ಕೆ ಅವನು ಹೇಳಿದ್ದು ಸರಿಯೇ. ಅವನು ಜೀವಮಾನದಲ್ಲಿ ಟ್ಯಾಲಿ ಮುಟ್ಟಿಲ್ಲ, ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ತೆರೆದಿಲ್ಲ, ನನಗೆ ಅದು ಹೊಳೆಯಲಿಲ್ಲ.

ದೀಪಾವಳಿ ಆಫರ್ ಸಮಯದಲ್ಲಿ ಅಂಗಡಿಗೆ ಹೋದೆ. ಕೇಳಬೇಕಾದ್ದನ್ನೇ ಕೇಳಿದೆ, "ಇದ್ರಲ್ಲಿ ಟ್ಯಾಲಿ ಓಡುತ್ತಾ?" ಅಂತ. ಹುಡುಗ ಕಣ್ಣು ಮಿಟುಕಿಸದೆ, "ಎಲ್ಲಾ ಓಡುತ್ತೆ ಸಾರ್, ಬೇಕಂದ್ರೆ ವಿಂಡೋಸೇ ಹಾಕ್ಕೋಬಹುದು" ಅಂದ. ನಾನೂ ಒಂದು ಯೂಟ್ಯೂಬ್ ವಿಡಿಯೋದಲ್ಲಿ ಮ್ಯಾಕ್ ಮೇಲೆ ವಿಂಡೋಸ್ ಹಾಕಿದ್ದನ್ನು ನೋಡಿದ್ದೆ. ಅದು 2018ರ ವಿಡಿಯೋ ಅನ್ನೋದನ್ನು ಗಮನಿಸಿರಲಿಲ್ಲ. ಆಗಿನ ಮ್ಯಾಕ್‌ಗಳಲ್ಲಿ ಇಂಟೆಲ್ ಚಿಪ್ ಇತ್ತು, ಬೂಟ್ ಕ್ಯಾಂಪ್ ಅನ್ನೋ ಸೌಲಭ್ಯದಿಂದ ಅರ್ಧ ಡಿಸ್ಕಿಗೆ ವಿಂಡೋಸ್ ಹಾಕಬಹುದಿತ್ತು. 2020ರ ನವೆಂಬರಿನಲ್ಲಿ ಆಪಲ್‌ನವರದೇ ಎಂ1 ಚಿಪ್ ಬಂತಲ್ಲ, ಆ ಸಾಲಿನ ಚಿಪ್ ಇರುವ ಮ್ಯಾಕ್‌ಗಳಲ್ಲಿ ಬೂಟ್ ಕ್ಯಾಂಪ್ ಇಲ್ಲವೇ ಇಲ್ಲ. ಈಗ ವಿಂಡೋಸ್ ಬೇಕು ಅಂದರೆ ಪ್ಯಾರಲಲ್ಸ್ ಥರದ ಸಾಫ್ಟ್‌ವೇರ್ ಒಳಗೆ ಎಆರ್‌ಎಂ ಚಿಪ್ಪಿನ ವಿಂಡೋಸ್ 11 ಓಡಿಸಬೇಕು. ಅದಕ್ಕೆ ದುಡ್ಡು ಬೇರೆ, ವಿಂಡೋಸ್ ಲೈಸೆನ್ಸ್ ಬೇರೆ, ರ‍್ಯಾಮ್ ಮತ್ತು ಜಾಗ ಎರಡನ್ನೂ ಅದು ಹಂಚಿಕೊಳ್ಳುತ್ತದೆ. ನನ್ನದು 8 ಜಿಬಿ, 256 ಜಿಬಿ ಮಾಡೆಲ್. ಆಮೇಲೆ ರ‍್ಯಾಮ್ ಹಾಕಿಸೋಣ ಅಂದರೆ ಆಗೋದಿಲ್ಲ, ಅದು ಚಿಪ್ಪಿನ ಜೊತೆಗೇ ಅಂಟಿಕೊಂಡು ಬಂದಿರುತ್ತದೆ.

ಹಳೇ ಲ್ಯಾಪ್‌ಟಾಪಿಗೆ ಎಕ್ಸ್‌ಚೇಂಜಿನಲ್ಲಿ 4,500 ರೂಪಾಯಿ ಕೊಟ್ಟರು. ನನ್ನ ಎದುರಿಗೇ ರಿಸೆಟ್ ಹೊಡೆದರು. ಹಿಂದಿನ ರಾತ್ರಿ ಎಲ್ಲವನ್ನೂ 1 ಟಿಬಿ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕಿಗೆ ಹಾಕಿಕೊಂಡಿದ್ದೆ, ಹಾಗಾಗಿ ಧೈರ್ಯ. ಆ 4,500 ರೂಪಾಯಿ ನನ್ನ ಜೀವನದಲ್ಲೇ ಅತಿ ದುಬಾರಿ ದುಡ್ಡು.

ಈಗ ಮುಖ್ಯವಾದ ವಿಷಯ. ಇದೊಂದನ್ನಾದರೂ ನಿಧಾನವಾಗಿ ಓದಿ.

ಎರಡನೇ ದಿನ ಹಾರ್ಡ್‌ಡಿಸ್ಕಿನಿಂದ 'ಫೋಟೋ' ಅನ್ನೋ ಫೋಲ್ಡರನ್ನು ಮ್ಯಾಕಿಗೆ ಕಾಪಿ ಮಾಡಿದೆ. ಸುಮಾರು 90 ಜಿಬಿ. ಮಗಳ ನಾಮಕರಣದಿಂದ ಹಿಡಿದು ಮನೆ ಗೃಹಪ್ರವೇಶ, ಅಮ್ಮನ ಕಾಶಿಯಾತ್ರೆ, ಮಾವನವರ ಅರವತ್ತರ ಶಾಂತಿ, ಎಲ್ಲ ಅದರಲ್ಲೇ. ಮೂರನೇ ದಿನ ಅಂಗಡಿಯಲ್ಲಿ ಒಂದು ಪೆನ್‌ಡ್ರೈವ್ ಸಿಕ್ಕಿತು. ಅದರಲ್ಲೂ 'ಫೋಟೋ' ಅನ್ನೋ ಫೋಲ್ಡರ್, ಇತ್ತೀಚೆಗೆ ಫೋನಿನಿಂದ ತೆಗೆದಿಟ್ಟ 3 ಜಿಬಿ ಚಿತ್ರಗಳು. ವಿಂಡೋಸ್‌ನಲ್ಲಿ ಏನು ಮಾಡುತ್ತಿದ್ದೆವು? ಅದೇ ಹೆಸರಿನ ಫೋಲ್ಡರ್ ಇರೋ ಜಾಗಕ್ಕೆ ತಂದು ಪೇಸ್ಟ್ ಮಾಡಿದರೆ ಎರಡೂ ಸೇರಿಕೊಳ್ಳುತ್ತವೆ. ಒಂದೇ ಹೆಸರಿನ ಫೈಲ್ ಇದ್ದರೆ ಮಾತ್ರ ಬದಲಾಯಿಸಲೇ ಅಂತ ಕೇಳುತ್ತದೆ, ಹೂಂ ಅಂದರೆ ಆ ಫೈಲಷ್ಟೇ ಬದಲಾಗುತ್ತದೆ, ಉಳಿದದ್ದು ಹಾಗೇ ಇರುತ್ತದೆ. ಇಪ್ಪತ್ತು ವರ್ಷದಿಂದ ಇದೇ ಅಭ್ಯಾಸ.

ಮ್ಯಾಕ್‌ನಲ್ಲೂ ಪ್ರಶ್ನೆ ಬಂತು. ಈ ಹೆಸರಿನದ್ದು ಇಲ್ಲಿ ಆಗಲೇ ಇದೆ, ಏನು ಮಾಡಲಿ ಅಂತ. ಕೆಳಗೆ ಕೀಪ್ ಬೋತ್, ಸ್ಟಾಪ್, ರಿಪ್ಲೇಸ್. ಎದುರಿಗೆ ಗಿರಾಕಿ ನಿಂತು "ಬೇಗ ಕೊಡಿ ಸಾರ್, ಕೋರ್ಟ್ ಕರೆದುಬಿಡ್ತಾರೆ" ಅನ್ನುತ್ತಿದ್ದರು. ರಿಪ್ಲೇಸ್ ಒತ್ತಿದೆ.

ಮ್ಯಾಕ್‌ನಲ್ಲಿ ಫೋಲ್ಡರಿಗೆ ರಿಪ್ಲೇಸ್ ಅಂದರೆ ಹಳೇ ಫೋಲ್ಡರನ್ನು ಪೂರ್ತಿ ತೆಗೆದು ಆ ಜಾಗದಲ್ಲಿ ಹೊಸದನ್ನು ಇಡುವುದು. ಸೇರಿಸುವುದಲ್ಲ. ಹಳೆಯದು ಟ್ರ್ಯಾಶಿಗೂ ಹೋಗುವುದಿಲ್ಲ. 90 ಜಿಬಿ ಇದ್ದ ಕಡೆ 3 ಜಿಬಿ ಕೂತಿತು. ಒಂದೆರಡು ನಿಮಿಷದಲ್ಲಿ ಕೆಲಸ ಮುಗಿಯಿತು, ನಾನು ಎಷ್ಟು ಫಾಸ್ಟಪ್ಪ ಇದು ಅಂದುಕೊಂಡೆ. ಸಂಜೆ ನೋಡಿದರೆ ಡಿಸ್ಕಿನಲ್ಲಿ ಜಾಗ ನಿರೀಕ್ಷೆಗಿಂತ ಜಾಸ್ತಿ ಉಳಿದಿತ್ತು. ಮ್ಯಾಕ್ ಅಂದರೆ ಹೀಗೇ ಇರಬೇಕು ಅಂತ ಅದಕ್ಕೂ ಖುಷಿಪಟ್ಟೆ! ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

(ಎರಡನ್ನೂ ಸೇರಿಸೋಕೆ ದಾರಿ ಇಲ್ಲ ಅಂತಲ್ಲ. ಆಪ್ಷನ್ ಕೀ ಒತ್ತಿ ಹಿಡಿದು ಫೋಲ್ಡರನ್ನು ಎಳೆದು ತಂದರೆ ಮರ್ಜ್ ಅನ್ನೋ ಗುಂಡಿ ಬರುತ್ತದೆ. ಗೊತ್ತಿದ್ದವರಿಗೆ ಸರಿ. ಗೊತ್ತಿಲ್ಲದವರು ಫೋಲ್ಡರ್ ತೆರೆದು ಒಳಗಿನ ಫೈಲ್‌ಗಳನ್ನು ಮಾತ್ರ ಕಾಪಿ ಮಾಡಿ, ಇಲ್ಲಾ ಕೀಪ್ ಬೋತ್ ಒತ್ತಿ. ಒಳಗೆ ಒಂದೇ ಹೆಸರಿನ ಇನ್ನೊಂದು ಫೋಲ್ಡರ್ ಇದ್ದರೆ ಅಲ್ಲೂ ಇದೇ ಕಥೆ, ನೆನಪಿರಲಿ.)

ಹಾರ್ಡ್‌ಡಿಸ್ಕಿನಲ್ಲಿ ಇನ್ನೊಂದು ಕಾಪಿ ಇತ್ತಲ್ಲ ಅಂತ ಕೇಳುತ್ತೀರಿ. ಇತ್ತು, ಇನ್ನೆರಡು ದಿನ. ಐದನೇ ದಿನ ಅಂಗಡಿಯ ಫೈಲ್‌ಗಳನ್ನು ಅದಕ್ಕೆ ಹಾಕೋಣ ಅಂತ ಹೋದರೆ ಡಿಸ್ಕ್ ತೆರೆಯುತ್ತದೆ, ಫೈಲ್ ಕಾಣುತ್ತದೆ, ಆದರೆ ಒಳಗೆ ಏನೂ ಹಾಕೋಕಾಗಲ್ಲ. ಪೇಸ್ಟ್ ಮಂಕಾಗಿಯೇ ಇರುತ್ತದೆ. ಕಾರಣ ಇಷ್ಟೇ, ವಿಂಡೋಸ್‌ನ ಡಿಸ್ಕ್‌ಗಳು ಸಾಮಾನ್ಯವಾಗಿ ಎನ್‌ಟಿಎಫ್‌ಎಸ್ ಅನ್ನೋ ಮಾದರಿಯಲ್ಲಿ ಇರುತ್ತವೆ, ಮ್ಯಾಕ್ ಅದನ್ನು ಓದುತ್ತದೆ, ಬರೆಯುವುದಿಲ್ಲ. ನೆಟ್‌ನಲ್ಲಿ ಹುಡುಕಿದರೆ ಡಿಸ್ಕ್ ಯುಟಿಲಿಟಿ ತೆರೆದು ಎಕ್ಸ್‌ಫ್ಯಾಟ್ ಅನ್ನೋ ಮಾದರಿಗೆ ಬದಲಾಯಿಸಿ, ವಿಂಡೋಸ್, ಮ್ಯಾಕ್ ಎರಡರಲ್ಲೂ ನಡೆಯುತ್ತದೆ ಅಂತ ಸಲಹೆ. ಸಲಹೆ ಸರಿ. ಆದರೆ ಬದಲಾಯಿಸುವುದು ಅಂದರೆ ಇರೇಸ್ ಮಾಡುವುದು, ಡಿಸ್ಕ್ ಖಾಲಿ. ಗೊತ್ತಿದ್ದೇ ಮಾಡಿದೆ. ಎಲ್ಲಾ ಮ್ಯಾಕಿಗೆ ಬಂದಾಗಿದೆಯಲ್ಲ ಅಂದುಕೊಂಡಿದ್ದೆ. ಮ್ಯಾಕ್‌ನ ಫೋಟೋ ಫೋಲ್ಡರ್ ಒಮ್ಮೆ ತೆರೆದು ನೋಡಿದ್ದರೆ ಸಾಕಿತ್ತು, ಅರ್ಧ ನಿಮಿಷದ ಕೆಲಸ. ನೋಡಲಿಲ್ಲ. ಇರೇಸ್ ಮಾಡಿ, ಅದರ ಮೇಲೆ ಮದುವೆ ಕಾರ್ಡಿನ ಡಿಸೈನ್‌ಗಳನ್ನು ತುಂಬಿದೆ.

ಗೊತ್ತಾಗಿದ್ದು ಮೂರು ವಾರ ಆದ ಮೇಲೆ. ಮಾವನವರ ವರ್ಷದ ತಿಥಿ ಹತ್ತಿರ ಬಂದಿತ್ತು. ಹೆಂಡತಿ ಅಡುಗೆಮನೆಯಿಂದಲೇ, "ರೀ, ಅಪ್ಪನದೊಂದು ಒಳ್ಳೇ ಫೋಟೋ ತೆಗೀರಿ, ಶಾಂತಿ ದಿನ ಪೇಟ ಕಟ್ಕೊಂಡು ಕೂತಿದ್ರಲ್ಲ, ಅದು, ಫ್ರೇಮ್ ಹಾಕ್ಸೋಣ" ಅಂದಳು. ತೆರೆದೆ. ಪೆನ್‌ಡ್ರೈವಿನ ಚಿತ್ರಗಳು ಮಾತ್ರ ಇದ್ದವು. ಹುಡುಕಿದೆ. ಟ್ರ್ಯಾಶ್ ನೋಡಿದೆ. ಹಾರ್ಡ್‌ಡಿಸ್ಕ್ ಚುಚ್ಚಿದೆ, ಮದುವೆ ಕಾರ್ಡು. ಆಗ ಒಂದೊಂದೇ ನೆನಪಾಗತೊಡಗಿತು. "ಸಿಕ್ತಾ?" ಅಂತ ಮತ್ತೆ ಕೇಳಿದಳು. ನೋಡ್ತಾ ಇದೀನಿ ಅಂದೆ. ಎರಡು ದಿನ ಅದನ್ನೇ ಹೇಳಿದೆ.

ಹಳೇ ಲ್ಯಾಪ್‌ಟಾಪಿಗಾಗಿ ಅಂಗಡಿಗೆ ಓಡಿದೆ. "ಅದು ಅವತ್ತೇ ಲಾಟ್‌ನಲ್ಲಿ ಹೋಯ್ತಲ್ಲ ಸಾರ್" ಅಂದರು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಡೇಟಾ ರಿಕವರಿ ಮಾಡುವವರ ಹತ್ತಿರ ಮ್ಯಾಕ್, ಹಾರ್ಡ್‌ಡಿಸ್ಕ್ ಎರಡನ್ನೂ ಹೊತ್ತುಕೊಂಡು ಹೋದೆ. ಮ್ಯಾಕನ್ನು ಅವರು ಮುಟ್ಟಲೇ ಇಲ್ಲ. ಅದರ ಒಳಗಿನ ಡಿಸ್ಕಿನಲ್ಲಿ ಎಲ್ಲವೂ ಬೀಗ ಹಾಕಿದ ರೂಪದಲ್ಲೇ ಇರುತ್ತದಂತೆ, ಅಳಿಸಿದ ಜಾಗವನ್ನು ಸಿಸ್ಟಮ್ಮೇ ಬೇಗ ಒರೆಸಿಹಾಕುತ್ತದಂತೆ. ಹಾರ್ಡ್‌ಡಿಸ್ಕ್ ಹಳೇ ಕಾಲದ ತಿರುಗುವ ಡಿಸ್ಕ್ ಆದ್ದರಿಂದ ಸ್ವಲ್ಪ ಆಸೆ ಇತ್ತು. ಸುಮ್ನೆ ಇರೇಸ್ ಮಾಡಿದರೆ ಪುಸ್ತಕದ ಪರಿವಿಡಿ ಹರಿದ ಹಾಗೆ, ಪುಟಗಳು ಒಳಗೇ ಇರುತ್ತವೆ. ಆದರೆ ನಾನು ಅದರ ಮೇಲೆ ಬೇರೆ ಬರೆದುಬಿಟ್ಟಿದ್ದೆ. "ತುಂಬ್ಸೋಕೆ ಮುಂಚೆ ಬಂದಿದ್ರೆ ಹೆಚ್ಚುಕಮ್ಮಿ ಎಲ್ಲಾ ಸಿಗ್ತಿತ್ತು" ಅಂದರು ಆತ. ನಿಮಗೂ ಹೀಗಾದರೆ ಆ ಡಿಸ್ಕನ್ನು ಆ ಕ್ಷಣಕ್ಕೆ ಕಿತ್ತು ಪಕ್ಕಕ್ಕಿಡಿ, ಅದರ ಮೇಲೆ ಒಂದಕ್ಷರ ಬರೆಯಬೇಡಿ. 9,000 ರೂಪಾಯಿಗೆ ಮೂರು ಸಾವಿರ ಚಿಲ್ಲರೆ ಚಿತ್ರ ಸಿಕ್ಕವು. ಹೆಸರಿಲ್ಲ, ಫೋಲ್ಡರ್ ಇಲ್ಲ, ಬರೀ ನಂಬರ್. ಕೆಲವು ಅರ್ಧ ಚಿತ್ರ, ಇನ್ನರ್ಧ ಬೂದಿ ಬಣ್ಣ.

ಕೆಲಸದ ಕಡೆಯ ಕಷ್ಟ ಇದರ ಮುಂದೆ ಚಿಕ್ಕದು, ಆದರೆ ನನ್ನ ಥರದ ಅಂಗಡಿಯವರು ಓದುತ್ತಿದ್ದರೆ ಹೇಳಲೇಬೇಕು. ಟ್ಯಾಲಿ ಪ್ರೈಮ್ ವಿಂಡೋಸ್‌ಗೆ ಮಾತ್ರ. ಕ್ಲೌಡ್‌ನಲ್ಲಿ ತಿಂಗಳ ಬಾಡಿಗೆಗೆ ಸಿಗುತ್ತದೆ, ಅದೂ ಅಲ್ಲಿ ಇನ್ಯಾರದೋ ವಿಂಡೋಸ್ ಯಂತ್ರದಲ್ಲಿ ಓಡುವುದೇ. ಜಿಎಸ್‌ಟಿ ಪೋರ್ಟಲ್ ಬ್ರೌಸರ್‌ನಲ್ಲಿ ತೆರೆಯುತ್ತದೆ, ರಿಟರ್ನ್ ತಯಾರಿಸುವ ಆಫ್‌ಲೈನ್ ಟೂಲ್ ಮಾತ್ರ ಮ್ಯಾಕ್‌ನಲ್ಲಿ ನಡೆಯುವುದಿಲ್ಲ. ನನ್ನ ಹಳೇ ಪ್ರಿಂಟರಿಗೆ ಮ್ಯಾಕ್ ಡ್ರೈವರ್ ಸಿಗಲಿಲ್ಲ. ಅದಕ್ಕಿಂತ ಮೊದಲು ಅದರ ಕೇಬಲ್ ಚುಚ್ಚೋಕೆ ತೂತೇ ಇರಲಿಲ್ಲ, ಡಾಂಗಲ್ ತರಬೇಕಾಯಿತು.

ಇನ್ನು ನುಡಿ. ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲೇ ನನ್ನ ಬೆರಳು ಪಳಗಿರುವುದು. ಒತ್ತಕ್ಷರ ಅಂದರೆ ಬೆರಳು ತಾನಾಗಿಯೇ ಎಫ್ ಕೀ ಮೇಲೆ ಹೋಗುತ್ತದೆ. ಮ್ಯಾಕ್‌ನಲ್ಲಿ ಕನ್ನಡ ಇದೆ, ಅಕ್ಷರವೂ ಚೆಂದ ಕಾಣುತ್ತದೆ, ಆದರೆ ನಾನು ಸೆಟ್ಟಿಂಗ್ಸ್‌ನಲ್ಲಿ ಹುಡುಕಿದಾಗ ನನ್ನ ಕೈಗೆ ಒಗ್ಗಿದ ಆ ಕೀಲಿಮಣೆ ಸಿಗಲಿಲ್ಲ. ನಿಮಿಷಕ್ಕೆ ಒಂದು ಸಾಲು ಹೊಡೆಯುತ್ತಿದ್ದವನು ಅಕ್ಷರ ಹುಡುಕುತ್ತಾ ಕೂತೆ. ಹಳೇ ಫೈಲ್‌ಗಳದ್ದು ಬೇರೆ ಗೋಳು. ನಮ್ಮ ಹಳೇ ನುಡಿ, ಬರಹ ಫೈಲ್‌ಗಳು ಬಹುಪಾಲು ಯೂನಿಕೋಡ್ ಅಲ್ಲ. ಒಳಗೆ ಇರೋದು ಇಂಗ್ಲಿಷ್ ಅಕ್ಷರಗಳೇ, ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕಿರುತ್ತದೆ. ಫಾಂಟ್ ಇಲ್ಲದ ಕಡೆ ತೆರೆದರೆ ವೇಷ ಕಳಚುತ್ತದೆ. 'ಕನ್ನಡ' ಅಂತ ಇರಬೇಕಾದ ಕಡೆ ಒಂದು ಇಂಗ್ಲಿಷ್ ಪಿ, ತಲೆ ಮೇಲೆ ಗೀಟಿರುವ ಎ, ಆಮೇಲೆ ಬ್ರಿಟಿಷರ ಪೌಂಡಿನ ಗುರುತು. ಹಳೇ ಯಂತ್ರ ಕೈಯಲ್ಲಿರುವಾಗಲೇ ಮುಖ್ಯವಾದವನ್ನು ಯೂನಿಕೋಡಿಗೆ ಬದಲಾಯಿಸಿಕೊಳ್ಳಿ, ಬದಲಾಯಿಸಿದ ಮೇಲೆ ಅರ್ಕಾವೊತ್ತು ಇರುವ ಪದಗಳನ್ನು ಕಣ್ಣಿಟ್ಟು ನೋಡಿ, ನನಗೆ ಹೆಚ್ಚು ಎಡವಟ್ಟಾಗಿದ್ದು ಅಲ್ಲೇ.

ಸಣ್ಣಪುಟ್ಟ ಕೀಗಳ ಗೊಂದಲ ಒಂದು ತಿಂಗಳಲ್ಲಿ ಸರಿಹೋಗುತ್ತದೆ. ಎಂಟರ್ ಒತ್ತಿದರೆ ಫೈಲ್ ತೆರೆಯಲ್ಲ, ಹೆಸರು ಬದಲಾಯಿಸು ಅಂತ ನಿಲ್ಲುತ್ತದೆ. ಫೈಲ್ ಕಟ್ ಮಾಡೋಕಾಗಲ್ಲ, ಕಾಪಿ ಮಾಡಿ ಪೇಸ್ಟ್ ಮಾಡುವಾಗ ಕಮಾಂಡ್ ಜೊತೆ ಆಪ್ಷನ್ ಸೇರಿಸಿ ವಿ ಒತ್ತಬೇಕು. ಇದಕ್ಕೆಲ್ಲ ನಕ್ಕು ಸುಮ್ಮನಾಗಬಹುದು.

ಈಗ ಮ್ಯಾಕ್ ತಗೊಳ್ಳಲು ಹೊರಟವರು ಹಳೇ ವಿಂಡೋಸ್ ಯಂತ್ರವನ್ನು ಮೂರು ತಿಂಗಳಾದರೂ ಮನೆಯಲ್ಲೇ ಇಟ್ಟುಕೊಳ್ಳಿ, ಎಕ್ಸ್‌ಚೇಂಜಿಗೆ ಎಷ್ಟೇ ಕೊಡಲಿ. ಅದು ಇದ್ದರೆ ಆಪಲ್‌ನವರದೇ ಮೈಗ್ರೇಶನ್ ಅಸಿಸ್ಟೆಂಟ್ ಬಳಸಿ ಒಂದೇ ವೈಫೈನಲ್ಲಿ ಎಲ್ಲವನ್ನೂ ತರಬಹುದು, ನನಗೆ ಇದು ಗೊತ್ತಾಗಿದ್ದೇ ಎಲ್ಲ ಮುಗಿದ ಮೇಲೆ. ಹಳೇ ಹಾರ್ಡ್‌ಡಿಸ್ಕನ್ನು ಇರೇಸ್ ಮಾಡಬೇಡಿ, ಹೊಸದೊಂದು ತಗೊಳ್ಳಿ. ಮ್ಯಾಕ್‌ನದೇ ಟೈಮ್ ಮೆಷಿನ್ ಬ್ಯಾಕಪ್ಪಿಗೆ ಅಂತ ಹಳೇ ವಿಂಡೋಸ್ ಡಿಸ್ಕನ್ನು ಕೊಟ್ಟರೂ ಅದನ್ನು ಮೊದಲು ಅಳಿಸಲೇಬೇಕಾಗುತ್ತದೆ. ಟ್ಯಾಲಿ, ನುಡಿ ನಂಬಿಕೊಂಡು ಬದುಕುವವರು ಅಂಗಡಿಯ ಹುಡುಗನನ್ನಾಗಲೀ ಸಾಫ್ಟ್‌ವೇರ್ ಸೋದರಳಿಯನನ್ನಾಗಲೀ ಕೇಳಬೇಡಿ, ನಿಮ್ಮದೇ ಕೆಲಸ ಮಾಡಿಕೊಂಡು ಮ್ಯಾಕ್ ಇಟ್ಟುಕೊಂಡವರು ಯಾರಾದರೂ ಇದ್ದರೆ ಅವರನ್ನು ಕೇಳಿ. ನನಗಂತೂ ಅಂಥವರು ಒಬ್ಬರೂ ಸಿಗಲಿಲ್ಲ, ಅದೇ ಉತ್ತರ ಆಗಿತ್ತೋ ಏನೋ.

ಅಂಗಡಿಗೆ ಈಗ ಸೆಕೆಂಡ್ ಹ್ಯಾಂಡ್ ವಿಂಡೋಸ್ ಡೆಸ್ಕ್‌ಟಾಪ್ ಬಂದಿದೆ. ಮ್ಯಾಕ್ ಮಗಳ ಕಾಲೇಜಿಗೆ ಹೋಗುತ್ತದೆ, ಅವಳಿಗೆ ಬಹಳ ಇಷ್ಟ. ಮಾವನವರ ಫೋಟೋ ಭಾವಮೈದುನನ ವಾಟ್ಸಾಪಿನಲ್ಲಿ ಸಿಕ್ಕಿತು. ದೊಡ್ಡದು ಮಾಡಿದರೆ ಮಸುಕು, ಅದನ್ನೇ ಫ್ರೇಮ್ ಹಾಕಿಸಿದೆವು. ಎಸ್‌ಪಿ ರೋಡಿನಿಂದ ಬಂದ ಆ ಮೂರು ಸಾವಿರ ಚಿತ್ರಗಳನ್ನು ಹೆಂಡತಿ ಭಾನುವಾರ ಮಧ್ಯಾಹ್ನ ಕೂತು ಒಂದೊಂದೇ ನೋಡಿ ಹೆಸರು ಕೊಡುತ್ತಾಳೆ. ಹೋದ ವಾರ ನಾಮಕರಣದ್ದು ಏಳು ಸಿಕ್ಕವು. ಪೇಟ ಕಟ್ಟಿಕೊಂಡದ್ದು ಇನ್ನೂ ಸಿಕ್ಕಿಲ್ಲ.