ತೂಕ ಇಳಿಸುವ ಇಂಜೆಕ್ಷನ್: ಡಬ್ಬಿ ನೋಡದೆ, ಡೋಸ್ ಕೇಳದೆ ಹಾಕಿಸಿಕೊಳ್ಳಬೇಡಿ

ತೂಕ ಇಳಿಸಲು ಟಿರ್ಜೆಪಟೈಡ್, ಸೆಮಾಗ್ಲುಟೈಡ್ ಥರದ ವಾರಕ್ಕೊಂದು ಇಂಜೆಕ್ಷನ್ ತಗೊಳ್ಳೋಣ ಅಂತ ಯೋಚಿಸುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಮಂಡ್ಯದಲ್ಲಿರುವ ನಮ್ಮಕ್ಕ ಮೈಸೂರಿನ ಒಂದು ಕ್ಲಿನಿಕ್‌ನಲ್ಲಿ ಇದನ್ನು ಹಾಕಿಸಿಕೊಂಡು, ಕಿಡ್ನಿಗೆ ಪೆಟ್ಟಾಗಿ ಆಸ್ಪತ್ರೆ ಸೇರಿದಳು. ಔಷಧಿ ಒಳ್ಳೆಯದೇ. ಕೊಟ್ಟವರ ಅವಸರ ಅವಳನ್ನು ಅಲ್ಲಿಗೆ ತಂದಿತು.

ಅಕ್ಕನಿಗೆ ಶುಗರ್ ಇದೆ, ಗ್ಲಿಮೆಪಿರೈಡ್ ಮಾತ್ರೆ ನುಂಗುತ್ತಾಳೆ. ಕ್ಲಿನಿಕ್‌ನಲ್ಲಿ ಅದನ್ನು ಹೇಳಿ, ಹಳೇ ಚೀಟಿಯನ್ನೂ ತೋರಿಸಿದ್ದಳು. ಯಾರೂ ಅದರ ಬಗ್ಗೆ ಒಂದು ಮಾತು ಆಡಲಿಲ್ಲ. ನರ್ಸ್ ಒಳಗಿನಿಂದ ಮೊದಲೇ ತುಂಬಿಸಿದ ಸಿರಿಂಜ್ ತಂದು ಹೊಟ್ಟೆಗೆ ಚುಚ್ಚುತ್ತಿದ್ದರು. ಸಿರಿಂಜ್ ಮೇಲೆ ಹೆಸರಿಲ್ಲ, ಡಬ್ಬಿ ಕಣ್ಣಿಗೆ ಬೀಳಲಿಲ್ಲ. ಕೈಗೆ ಸಿಕ್ಕಿದ್ದು ‘ಪ್ಯಾಕೇಜ್’ ಅಂತ ಬರೆದ ಒಂದು ರಸೀದಿ ಅಷ್ಟೇ.

ಮೊದಲ ವಾರದಿಂದಲೇ ವಾಂತಿ. ಫೋನ್ ಮಾಡಿದರೆ, “ವಾಂತಿ ಆಗ್ತಿದೆ ಅಂದ್ರೆ ಔಷಧಿ ಕೆಲಸ ಮಾಡ್ತಿದೆ ಮೇಡಂ” ಅಂದರು. ಸಾಲದು ಅಂತ ಡೋಸ್ ಏರಿಸಿದರು. ಅದೇ ವಾರ ನೆಂಟರ ಮನೆಯಲ್ಲಿ ಬೀಗರ ಊಟ. ಬಲವಂತಕ್ಕೆ ನಾಲ್ಕು ತುತ್ತು ತಿಂದಳು. ಆಮೇಲೆ ನೀರು ಕುಡಿದರೂ ನಿಲ್ಲಲಿಲ್ಲ. ಮಾರನೇ ದಿನ ಮೈಯೆಲ್ಲ ಬೆವರು, ಕೈ ನಡುಕ, ಮಾತು ತೊದಲುತ್ತಿತ್ತು. ಭಾವ ಚೆಕ್ ಮಾಡಿದರೆ ಶುಗರ್ 52. ಮೂತ್ರ ಹೆಚ್ಚುಕಮ್ಮಿ ನಿಂತೇಹೋಗಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳಿದ್ದು, ಯಾವ ಇಂಜೆಕ್ಷನ್, ಎಷ್ಟು ಡೋಸ್ ಅಂತ. ನಮ್ಮ ಹತ್ತಿರ ಉತ್ತರ ಇರಲಿಲ್ಲ. ಭಾವ ಮತ್ತೆ ಮತ್ತೆ ಫೋನ್ ಮಾಡಿದ ಮೇಲೆ ಕ್ಲಿನಿಕ್‌ನವರು ಬಾಯಿ ಬಿಟ್ಟರು: ಟಿರ್ಜೆಪಟೈಡ್, ಶುರುವಿಗೇ 5 ಮಿಲಿಗ್ರಾಂ, ಮೂರನೇ ವಾರಕ್ಕೆ 7.5.

ಇದನ್ನು ಶುರು ಮಾಡಬೇಕಾದ್ದು 2.5ರಿಂದ. ನಾಲ್ಕು ವಾರ ಅದೇ ಡೋಸ್, ಆಮೇಲೆ 5. ಮುಂದೆ ಏರಿಸುವುದಾದರೂ ಒಂದೊಂದು ಮೆಟ್ಟಿಲಲ್ಲೂ ಕನಿಷ್ಠ ನಾಲ್ಕು ವಾರ ನಿಲ್ಲಬೇಕು. ಸೆಮಾಗ್ಲುಟೈಡ್ ಆದರೆ ಶುರು 0.25, ನಿಧಾನಕ್ಕೆ ಏರಿಸಿ ಸಾಮಾನ್ಯವಾಗಿ 2.4ರವರೆಗೆ. ಎರಡರ ಮಿಲಿಗ್ರಾಂ ಲೆಕ್ಕ ಬೇರೆ ಬೇರೆ. ಪಕ್ಕದ ಮನೆಯವರು ಸೆಮಾಗ್ಲುಟೈಡ್ 2.4 ತಗೊಂಡರು ಅಂತ ನೀವು ಟಿರ್ಜೆಪಟೈಡ್ ಡೋಸನ್ನು ಅದಕ್ಕೆ ಹೋಲಿಸಬೇಡಿ. ಎರಡೂ ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತವೆ. ವಾಕರಿಕೆ, ವಾಂತಿ, ಭೇದಿ, ಮಲಬದ್ಧತೆ ಎರಡರಲ್ಲೂ ಇದ್ದದ್ದೇ, ಡೋಸ್ ಏರಿಸಿದಾಗ ಜಾಸ್ತಿ. ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರಿಗೆ ಒಗ್ಗದೇ ಇರಬಹುದು. ವಾಂತಿ ನಿಲ್ಲದಿದ್ದರೆ ಡೋಸ್ ಏರಿಸುವ ಮಾತೇ ಬರಬಾರದು ಅಲ್ವಾ? ಇರುವ ಡೋಸ್‌ನಲ್ಲೇ ನಿಲ್ಲಬೇಕು, ಇಲ್ಲಾ ಇಳಿಸಬೇಕು.

ಶುಗರ್‌ಗೆ ಗ್ಲಿಮೆಪಿರೈಡ್ ಥರದ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರು ಇದನ್ನಂತೂ ಮರೆಯಬೇಡಿ. ಜೊತೆಗೆ ಈ ಇಂಜೆಕ್ಷನ್ ಬಂದರೆ ಶುಗರ್ ದಡಕ್ಕನೆ ಬೀಳಬಹುದು. ಆ ಮಾತ್ರೆ ಕಡಿಮೆ ಮಾಡಬೇಕಾ ಅಂತ ಶುಗರ್ ಡಾಕ್ಟರನ್ನು ಮೊದಲೇ ಕೇಳಿ. ಮನೆಯಲ್ಲಿ ಯಾರಿಗಾದರೂ ಮೆಡುಲ್ಲರಿ ಅನ್ನುವ ಬಗೆಯ ಥೈರಾಯ್ಡ್ ಕ್ಯಾನ್ಸರ್ ಆಗಿದ್ದರೆ ಅದನ್ನೂ ಹೇಳಿ, ಅಂಥವರಿಗೆ ಇದನ್ನು ಕೊಡುವುದಿಲ್ಲ.

ಊಟದ ವಿಷಯದಲ್ಲಿ ಅಕ್ಕನಿಗೆ ಈಗ ಹಿಡಿಸಿರುವುದು ಇಷ್ಟು: ಒಂದು ಮುದ್ದೆ ಒಟ್ಟಿಗೆ ಉಣ್ಣುವುದಿಲ್ಲ, ಅರ್ಧ ಉಂಡು ಏಳುತ್ತಾಳೆ. ಹೊಟ್ಟೆ ತುಂಬಿತು ಅನ್ನಿಸಿದ ತಕ್ಷಣ ನಿಲ್ಲಿಸುತ್ತಾಳೆ. ಕರಿದದ್ದು, ಬಾಡೂಟ ದೂರ. ನೀರು ಗುಟುಕು ಗುಟುಕಾಗಿ. ವಾಂತಿ, ಭೇದಿ ಆದರೆ ಓಆರ್‌ಎಸ್.

ಹೊಟ್ಟೆಯ ಮೇಲ್ಭಾಗದಲ್ಲಿ ಜೋರು ನೋವು ಬಂದು ಬೆನ್ನಿಗೆ ಹೊಡೆಯುತ್ತಿದ್ದರೆ ಅದು ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಊತ ಇರಬಹುದು. ಬಲಪಕ್ಕೆಯ ಕೆಳಗೆ ನೋವು, ಜ್ವರ, ಕಣ್ಣು ಹಳದಿ ಅಂದರೆ ಪಿತ್ತಕೋಶದ ಕಲ್ಲು ಇರಬಹುದು. ನೀರೂ ನಿಲ್ಲದಿದ್ದರೆ, ಮೂತ್ರ ಕಮ್ಮಿಯಾದರೆ ಕಿಡ್ನಿಗೆ ಅಪಾಯ. ಇವುಗಳಲ್ಲಿ ಯಾವುದಾದರೂ ಕಂಡರೆ ಕ್ಲಿನಿಕ್‌ಗೆ ಫೋನ್ ಮಾಡುತ್ತಾ ಕೂರಬೇಡಿ, ನೇರ ಎಮರ್ಜೆನ್ಸಿಗೆ ಹೋಗಿ.

ಡಬ್ಬಿ ನಿಮ್ಮ ಕಣ್ಣೆದುರೇ ತೆರೆಯಲಿ. ಹೆಸರು, ಡೋಸ್, ಬ್ಯಾಚ್ ನಂಬರ್, ಎಕ್ಸ್‌ಪೈರಿ ಫೋಟೋ ತೆಗೆದಿಟ್ಟುಕೊಳ್ಳಿ. ಬಿಲ್ ತಗೊಳ್ಳಿ. ಅಕ್ಕನ ಕಿಡ್ನಿ ಈಗ ಸುಧಾರಿಸಿದೆ. ಯಾವ ದಿನ ಯಾವ ಬ್ಯಾಚ್ ಕೊಟ್ಟಿರಿ ಅಂತ ಕ್ಲಿನಿಕ್‌ಗೆ ಬರೆದು ಕೇಳಿದ್ದೇವೆ. ಉತ್ತರ ಇನ್ನೂ ಬಂದಿಲ್ಲ.