ಎರಡು ಮಾಂಗಾಗಳು: ಮೊದಲು ಯಾವುದು?

ಸಲಿಂಗ ಪ್ರೀತಿಯನ್ನೂ ತನ್ನನ್ನು ತಾನು ಅರಿಯುವ ತಳಮಳವನ್ನೂ ಗಾಢವಾಗಿ ಚಿತ್ರಿಸುವ ಜಪಾನಿ ಮಾಂಗಾ (ಚಿತ್ರಕಥೆ) ಹುಡುಕುತ್ತಿರುವವರ ಮುಂದೆ ನಾನಿಡುವುದು ಎರಡೇ ಕೃತಿಗಳನ್ನು: ನಿಯೊ ನಕತಾನಿಯವರ ‘ಬ್ಲೂಮ್ ಇನ್‌ಟು ಯು’ (2015–2019, 8 ಸಂಪುಟ) ಮತ್ತು ಯೂಕಿ ಕಮತಾನಿಯವರ ‘ಅವರ್ ಡ್ರೀಮ್ಸ್ ಅಟ್ ಡಸ್ಕ್’ (2015–2018, 4 ಸಂಪುಟ).

ಮೊದಲನೆಯದರ ತೀವ್ರತೆ ಮೆಲ್ಲಮೆಲ್ಲನೆ ಏರುವಂಥದ್ದು. ಯೂ ಎಂಬ ಹುಡುಗಿಗೆ ಹಾಡುಗಳೂ ಕಥೆಗಳೂ ವರ್ಣಿಸುವ ಪ್ರೀತಿ ಎಂದೂ ದಕ್ಕಿಲ್ಲ. ರೈಲ್ವೆ ಗೇಟಿನ ಬಳಿ, ರೈಲು ಹಾದುಹೋಗುವ ಹೊತ್ತಿನಲ್ಲಿ ಹಿರಿಯ ವಿದ್ಯಾರ್ಥಿನಿ ತೋಕೊ ಅವಳಿಗೆ ಮುತ್ತಿಡುತ್ತಾಳೆ. ಆದರೂ ಯೂಳ ಎದೆ ಝಲ್ಲೆನ್ನುವುದಿಲ್ಲ, ಏನೂ ಅನ್ನಿಸದ ಆ ಖಾಲಿತನವೇ ಅವಳನ್ನು ಕಾಡುತ್ತದೆ. ತೀರಿಕೊಂಡ ಅಕ್ಕನಂತೆಯೇ ಬದುಕಲು ಹೆಣಗುವ ತೋಕೊಗೆ ತನ್ನನ್ನು ಯಾರೂ ಪ್ರೀತಿಸದಿರುವುದೇ ನೆಮ್ಮದಿಯಾದ್ದರಿಂದ, ಯೂ ನಿಜಕ್ಕೂ ಪ್ರೀತಿಸತೊಡಗಿದಾಗ ಅದನ್ನು ಬಾಯಿಬಿಟ್ಟು ಹೇಳಲಾಗದೆ ಒದ್ದಾಡುವುದು ನನಗೆ ತುಂಬ ಸತ್ಯವೆನಿಸಿತು.

ಎರಡನೆಯದು ಮೊದಲ ಪುಟಗಳಲ್ಲೇ ಎದೆಗೆ ತಟ್ಟುತ್ತದೆ. ಹಿರೋಷಿಮಾ ಪ್ರಾಂತ್ಯದ ಕಡಲೂರು ಒನೊಮಿಚಿಯಲ್ಲಿ, ತಾನು ಸಲಿಂಗಪ್ರೇಮಿ ಎಂಬ ಗುಟ್ಟು ಸಹಪಾಠಿಗಳಿಗೆ ಬಯಲಾಯಿತೆಂಬ ಭಯದಿಂದ ತಾಸುಕು ಎಂಬ ಹುಡುಗ ಸಾಯಲು ಯೋಚಿಸುತ್ತಾನೆ. ಮುಂದೆ ಅವನನ್ನು ಬರಮಾಡಿಕೊಳ್ಳುವ ಮಂದಿ ಪಾಳುಬಿದ್ದ ಮನೆಗಳನ್ನು ದುರಸ್ತಿ ಮಾಡುವವರು. ಅವರ ನಡುವೆ ಲೆಸ್ಬಿಯನ್ ಜೋಡಿಯೊಂದೂ ಇದೆ.

ಇಬ್ಬರ ನಡುವಿನ ಪ್ರೀತಿಯನ್ನೇ ಆಳವಾಗಿ ಕಾಣಬಯಸುವವರು ನಕತಾನಿಯವರನ್ನು ಆರಿಸಲಿ. ತಾನು ಯಾರೆಂಬ ಪ್ರಶ್ನೆಯೇ ದೊಡ್ಡದಾಗಿರುವವರಿಗೆ ಕಮತಾನಿಯವರ ಕೃತಿಯೇ ಸರಿ, ಆದರೆ ಆತ್ಮಹತ್ಯೆಯ ಪ್ರಸ್ತಾಪ ಸಹಿಸಲಾಗದಷ್ಟು ಮನಸ್ಸು ಕುಗ್ಗಿರುವಾಗ ಅದನ್ನು ತೆರೆಯದಿರುವುದು ಒಳ್ಳೆಯದು.