ಮಿಸ್ ಪ್ಯಾಕ್-ಮ್ಯಾನ್ ಹಳೇ ಆರ್ಕೇಡ್ ಮಷೀನು: ಏಳು ವರ್ಷ ಮನೆಯಲ್ಲಿಟ್ಟುಕೊಂಡ ಮೇಲೆ

ಹಳೇ ಆರ್ಕೇಡ್ ಮಷೀನು, ಅಂದರೆ ನಾಣ್ಯ ಹಾಕಿ ಆಡುವ ವಿಡಿಯೋ ಗೇಮ್ ಪೆಟ್ಟಿಗೆ, ಕೊಳ್ಳಲು ಹೊರಟವರಿಗೆ ಮೊದಲು ಹೇಳುವ ಮಾತು ಒಂದೇ. ಮುಂದೆ ನಿಂತು ಆಡಿ ನೋಡಿದರೆ ಸಾಲದು. ಹಿಂದಿನ ಬಾಗಿಲು ತೆಗೆಸಿ, ಟಾರ್ಚ್ ಹಾಕಿ ಒಳಗೆ ನೋಡಿ. ಇದನ್ನು ಕಲಿಯಲು ನನಗೆ ಒಂದು ಮಷೀನು, ಎರಡು ವರ್ಷ ಬೇಕಾಯಿತು.

ನಾವಿರುವುದು ಶಿಕಾಗೋ ಹೊರವಲಯದಲ್ಲಿ. 2016ರಲ್ಲಿ ಮೊದಲ ಮಷೀನು ತಂದೆ. ಪೂರ್ತಿ ರಿಪೇರಿ ಮಾಡಿದ್ದೇನೆ, ಹೊಸದರ ಹಾಗಿದೆ ಅಂತ ಮಾರಿದವರು ಹೇಳಿದ್ದರು. ಹೊರಗೆ ಕಪ್ಪು ಬಣ್ಣ ಮಿರಮಿರ ಮಿಂಚುತ್ತಿತ್ತು. ಮನೆಗೆ ತಂದು ಹಿಂಬಾಗಿಲು ತೆಗೆದರೆ ಒಳಗೆ ಒಂದು ಎಲ್‌ಸಿಡಿ ಪರದೆ, ಅರವತ್ತು ಆಟ ತುಂಬಿದ ಅಂಗೈಯಗಲದ ಒಂದು ಸರ್ಕಿಟ್ ಬೋರ್ಡು. ಉಳಿದದ್ದೆಲ್ಲ ಖಾಲಿ ಪೆಟ್ಟಿಗೆ. ಒಂದು ಮೂಲೆಯಲ್ಲಿ ಬಣ್ಣ ಎದ್ದಿತ್ತು. ಉಗುರಿನಿಂದ ಕೆರೆದೆ, ಕೆಳಗೆ ಬೇರೆ ಯಾವುದೋ ಆಟದ ಚಿತ್ರ ಇಣುಕಿತು. ಆವತ್ತು ರಾತ್ರಿ ತುಂಬಾ ಬೇಜಾರಾಯಿತು.

ಆಮೇಲೆ ಗೊತ್ತಾಯಿತು, ಇಂಥವು ಸಾವಿರಾರು ಇವೆ. 1983ರ ಸುಮಾರಿಗೆ ಇಲ್ಲಿ ಆರ್ಕೇಡ್ ವ್ಯಾಪಾರ ಬಿದ್ದುಹೋದಾಗ ಮಷೀನು ಇಟ್ಟವರು ಹೊಸದು ಕೊಳ್ಳುವ ಬದಲು ಹಳೇ ಪೆಟ್ಟಿಗೆಗೇ ಬಣ್ಣ ಬಳಿದು, ಒಳಗಿನ ಬೋರ್ಡು ಬದಲಿಸಿ ಬೇರೆ ಆಟ ಹಾಕಿದರು. ಅವರ ಹೊಟ್ಟೆಪಾಡು ಅದು, ತಪ್ಪೇನಿಲ್ಲ. ಆದರೆ ಅಂಥದ್ದನ್ನು ಅಸಲಿ ಅಂತ ಹೇಳಿ ಮಾರುವುದು ತಪ್ಪು.

ಇಲ್ಲಿ ಸಂಗ್ರಹ ಮಾಡುವವರಲ್ಲಿ ದುಡ್ಡಿನ ವ್ಯಾಪಾರದಷ್ಟೇ ಬದಲಿ ವ್ಯಾಪಾರವೂ ನಡೆಯುತ್ತದೆ. 2018ರಲ್ಲಿ ಒಬ್ಬರಿಗೆ ಮಕ್ಕಳ ಕೋಣೆಗೆ ಅರವತ್ತು ಆಟದ ಮಷೀನೇ ಬೇಕಿತ್ತು. ಅವರ ಗ್ಯಾರೇಜಿನಲ್ಲಿ 1982ರ ಮಿಸ್ ಪ್ಯಾಕ್-ಮ್ಯಾನ್ (ಭೂತಗಳಿಂದ ತಪ್ಪಿಸಿಕೊಳ್ಳುತ್ತಾ ಚುಕ್ಕೆ ತಿನ್ನುವ ಆಟ) ಮಷೀನು ನಿಂತಿತ್ತು, ಚಿತ್ರ ಬರುತ್ತಿರಲಿಲ್ಲ. ನನ್ನದರಲ್ಲಿ ಏನಿದೆ, ಏನಿಲ್ಲ ಅಂತ ಬಾಗಿಲು ತೆಗೆದು ತೋರಿಸಿದೆ. ಅದನ್ನು ಕೊಟ್ಟು, ಮೇಲೆ 600 ಡಾಲರ್ ಸೇರಿಸಿ ಇದನ್ನು ತಂದೆ. ಇಬ್ಬರಿಗೂ ಖುಷಿಯಾಯಿತು.

ಎತ್ತರ ಐದೂವರೆ ಅಡಿಗಿಂತ ಸ್ವಲ್ಪ ಜಾಸ್ತಿ, ತೂಕ ನೂರು ಕೆಜಿಗೂ ಮೇಲೆ. ನಾಲ್ಕು ಜನ ಸೇರಿ ಇಳಿಸಿದೆವು. ವಿಡಿಯೋ ಕಾಲ್‌ನಲ್ಲಿ ನೋಡಿದ ಅಮ್ಮ, "ಏನೋ ಇದು, ಬೀರು ತಂದಿದ್ದೀಯಾ?" ಅಂದಳು. ಹಿಂದಿನ ತಗಡಿನ ಪಟ್ಟಿಯ ಧೂಳು ಒರೆಸಿದಾಗ ತಯಾರಿಸಿದ ಕಂಪನಿಯ ಹೆಸರು, ಊರು ಕಂಡವು: ಮಿಡ್‌ವೇ, ಫ್ರಾಂಕ್ಲಿನ್ ಪಾರ್ಕ್, ಇಲಿನಾಯ್. ಆ ಊರು ನಮ್ಮ ಮನೆಯಿಂದ ಕಾರಿನಲ್ಲಿ ಅರ್ಧ ಗಂಟೆ. ಹುಟ್ಟಿದ ಊರಿನ ಪಕ್ಕದಲ್ಲೇ ಇದೆ ಅಂತ ಅದರ ಮೇಲೆ ಪ್ರೀತಿ ಇನ್ನೂ ಜಾಸ್ತಿಯಾಯಿತು.

ಈಗ ಒಳಗಿನ ವಿಷಯ. ಈ ಆಟ ಹುಟ್ಟಿದ್ದು ಪ್ಯಾಕ್-ಮ್ಯಾನ್ ಬೋರ್ಡಿಗೆ ಸೇರಿಸುವ ಒಂದು ಕಿಟ್ ಆಗಿ. ಮ್ಯಾಸಚೂಸೆಟ್ಸ್‌ನ ಜನರಲ್ ಕಂಪ್ಯೂಟರ್ ಕಂಪನಿಯ ಹುಡುಗರು ಮಾಡಿದ್ದು, ಮೊದಲ ಹೆಸರು ಕ್ರೇಜಿ ಒಟ್ಟೊ. ಮಿಡ್‌ವೇ ಅದನ್ನು ತೆಗೆದುಕೊಂಡು ಮಿಸ್ ಪ್ಯಾಕ್-ಮ್ಯಾನ್ ಮಾಡಿತು. ಹಾಗಾಗಿ ಅಸಲಿ ಮಷೀನಿನೊಳಗೆ ಇವತ್ತಿಗೂ ಪ್ಯಾಕ್-ಮ್ಯಾನ್ ಬೋರ್ಡೇ ಇರುತ್ತದೆ. ಅದರ ಜೆಡ್80 ಅನ್ನುವ ಮುಖ್ಯ ಚಿಪ್ಪು ಕೂರುವ ಸಾಕೆಟ್ಟಿನಿಂದ ಒಂದು ಪಟ್ಟಿ ಕೇಬಲ್ ಹೊರಟು ಇನ್ನೊಂದು ಚಿಕ್ಕ ಬೋರ್ಡಿಗೆ ಹೋಗುತ್ತದೆ. ಕೊಳ್ಳುವಾಗ ನಾನು ಮೊದಲು ಹುಡುಕುವುದು ಈ ಚಿಕ್ಕ ಬೋರ್ಡನ್ನು. ನಕಲಿ ಬೋರ್ಡುಗಳು ಆಗಲೂ ಬೇಕಾದಷ್ಟಿದ್ದವು, ಈಗಲೂ ಇವೆ. ನಕಲಿಯಲ್ಲೂ ಆಟ ಚೆನ್ನಾಗಿಯೇ ನಡೆಯಬಹುದು, ಆದರೆ ಅಸಲಿ ಬೆಲೆ ಕೊಡಬೇಡಿ.

ಏಳು ವರ್ಷದಲ್ಲಿ ದೊಡ್ಡ ತೊಂದರೆ ಬಂದದ್ದು ಎರಡು ಸಲ. ಮೊದಲನೆಯದು 2020ರ ಚಳಿಗಾಲದಲ್ಲಿ. ಆಡುತ್ತಾ ಆಡುತ್ತಾ ಪರದೆ ತುಂಬ ಚೆಲ್ಲಾಪಿಲ್ಲಿ ಅಕ್ಷರ, ತಾನಾಗೇ ಮತ್ತೆ ಶುರು, ಮತ್ತೆ ಚೆಲ್ಲಾಪಿಲ್ಲಿ. ಬೋರ್ಡು ಕೆಟ್ಟಿತು ಅಂತ ಎದೆ ಧಸಕ್ ಅಂದಿತು. ಮಷೀನು ಆರಿಸಿ, ಪ್ಲಗ್ ಕಿತ್ತು, ಬೋರ್ಡಿನ ಅಂಚಿಗೆ ಸಿಕ್ಕಿಸುವ 44 ಕಾಲಿನ ಕನೆಕ್ಟರ್ ಎಳೆದೆ. ಮೂರ್ನಾಲ್ಕು ಕಾಲುಗಳ ಸುತ್ತ ಪ್ಲಾಸ್ಟಿಕ್ಕು ಕಂದು ಬಣ್ಣಕ್ಕೆ ತಿರುಗಿತ್ತು, ಮುಟ್ಟಿದರೆ ಪುಡಿಪುಡಿ. ಸುಟ್ಟ ಹಪ್ಪಳದ ಅಂಚಿನ ಹಾಗೆ ಕಾಣುತ್ತಿತ್ತು. ಈ ಬೋರ್ಡು ಟ್ರಾನ್ಸ್‌ಫಾರ್ಮರಿನಿಂದ ಎಸಿ ಕರೆಂಟನ್ನೇ ತೆಗೆದುಕೊಂಡು 5 ವೋಲ್ಟ್ ಡಿಸಿಯನ್ನು ತನ್ನ ಮೇಲೆಯೇ ಮಾಡಿಕೊಳ್ಳುತ್ತದೆ. ಅಷ್ಟೂ ಕರೆಂಟು ಆ ಕೆಲವೇ ಕಾಲುಗಳಲ್ಲಿ ಹರಿಯಬೇಕು. ವರ್ಷಗಟ್ಟಲೆ ಬಿಸಿಯಾದರೆ ಸುಡದೆ ಇನ್ನೇನು? ನಲವತ್ತು ವರ್ಷದ ವಯಸ್ಸು ಅದು. ಹೊಸ ಕನೆಕ್ಟರ್ ತರಿಸಿ, ಒಂದೊಂದೇ ತಂತಿ ಗುರುತು ಹಾಕಿಕೊಂಡು ಬದಲಿಸಿದೆ. ಬೋರ್ಡಿನ ಅಂಚನ್ನು ಶುಚಿ ಮಾಡಿ ತೆಳ್ಳಗೆ ಬೆಸುಗೆಯ ಸೀಸ (ಸೋಲ್ಡರ್) ಹಚ್ಚಿದೆ. ಅವತ್ತಿನಿಂದ ಒಂದು ಸಲವೂ ತೊಂದರೆ ಕೊಟ್ಟಿಲ್ಲ. ನೀವು ನೋಡಲು ಹೋದಾಗ ಆ ಕನೆಕ್ಟರನ್ನೂ ಎಳೆದು ತೋರಿಸಿ ಅಂತ ಕೇಳಿ. ತೋರಿಸದವರ ಹತ್ತಿರ ಕೊಳ್ಳಬೇಡಿ.

ಎರಡನೆಯದು ಮಾನಿಟರು. 19 ಇಂಚಿನ ಪಿಕ್ಚರ್ ಟ್ಯೂಬು, ಅಡ್ಡಕ್ಕೆ ಅಲ್ಲ, ನಿಲ್ಲಿಸಿ ಕೂರಿಸಿರುತ್ತಾರೆ. ಚಿತ್ರ ಪಕ್ಕಗಳಿಂದ ಒಳಕ್ಕೆ ಕುಗ್ಗುತ್ತಾ ಬಂತು. ಕೆಪಾಸಿಟರುಗಳು ಒಣಗಿದ್ದವು. ಎಲ್ಲವನ್ನೂ ಬದಲಿಸುವ ಕಿಟ್ಟಿಗೆ ಖರ್ಚು ಕಡಿಮೆ, ಕೆಲಸಕ್ಕೆ ಒಂದು ಭಾನುವಾರ. ಆದರೆ ದಯವಿಟ್ಟು ಕೇಳಿ. ಟ್ಯೂಬಿನಲ್ಲಿ 20,000 ವೋಲ್ಟ್ ಹತ್ತಿರ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು. ಬಲ್ಲವರ ಪಕ್ಕ ನಿಂತು ಎರಡು ಸಲ ನೋಡಿದ ಮೇಲೆಯೇ ಕೈ ಹಾಕಿ. ನಾನು ಹಾಗೇ ಕಲಿತದ್ದು, ಕಲಿಸಿದವರು ಒಂದು ಪೈಸೆ ಮುಟ್ಟಲಿಲ್ಲ.

ಇಷ್ಟೆಲ್ಲ ಕಷ್ಟ ಯಾಕೆ, ಎಲ್‌ಸಿಡಿ ಹಾಕಬಾರದಾ ಅಂತ ಗೆಳೆಯರು ಕೇಳುತ್ತಾರೆ. ಎರಡೂ ಇಟ್ಟುಕೊಂಡು ನೋಡಿದವನು ಹೇಳುತ್ತಿದ್ದೇನೆ, ಅದು ಬೇರೆ, ಇದು ಬೇರೆ. ಟ್ಯೂಬಿನಲ್ಲಿ ಕಪ್ಪು ನಿಜವಾಗಿ ಕಪ್ಪು. ಚುಕ್ಕೆಗಳು ದೀಪದ ಹಾಗೆ ಉರಿಯುತ್ತವೆ, ಅಂಚುಗಳು ಮೆತ್ತಗಿರುತ್ತವೆ. ಶಿವಮೊಗ್ಗದಲ್ಲಿ ಒಂದು ರೂಪಾಯಿ ಹಾಕಿ ಮುಸ್ತಫಾ ಅನ್ನುವ ವಿಡಿಯೋ ಗೇಮ್ ಆಡಿದ ನನ್ನ ವಯಸ್ಸಿನವರಿಗೆ ಆ ಬೆಳಕು ಗೊತ್ತು, ಅಲ್ವಾ? ಇಂಥ ಟ್ಯೂಬು ಈಗ ಯಾರೂ ಹೊಸದಾಗಿ ತಯಾರಿಸುತ್ತಿಲ್ಲ. ಅದಕ್ಕೇ ಹೇಳುವುದು, ಮರ ಸ್ವಲ್ಪ ಊದಿಕೊಂಡಿದ್ದರೂ ಪರವಾಗಿಲ್ಲ, ಬಣ್ಣ ಹೋಗಿದ್ದರೂ ಪರವಾಗಿಲ್ಲ, ಟ್ಯೂಬು ಚೆನ್ನಾಗಿರಲಿ. ಆರಿಸಿದ ಪರದೆಯನ್ನು ಬೆಳಕಿಗೆ ಓರೆಯಾಗಿ ನೋಡಿ. ನನ್ನದರಲ್ಲಿ ಹೈ ಸ್ಕೋರ್ ಅನ್ನುವ ಅಕ್ಷರ ಗಾಜಿನೊಳಗೆ ಮಸುಕಾಗಿ ಸುಟ್ಟು ಕೂತಿವೆ. ಅಷ್ಟು ಸಾವಿರ ಗಂಟೆ ಅದೇ ಜಾಗದಲ್ಲಿ ಹೊಳೆದಿವೆ. ಆಡುವಾಗ ಕಾಣುವುದಿಲ್ಲ.

ಆಟದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನಾಲ್ಕು ಬೇರೆ ಬೇರೆ ಜಟಿಲ ದಾರಿಗಳು, ಹಣ್ಣು ಒಂದೇ ಕಡೆ ನಿಲ್ಲದೆ ಓಡಾಡುತ್ತದೆ, ಭೂತಗಳ ನಡೆಯನ್ನು ಮೊದಲಿನ ಪ್ಯಾಕ್-ಮ್ಯಾನ್‌ನ ಹಾಗೆ ಬಾಯಿಪಾಠ ಮಾಡಲು ಆಗುವುದಿಲ್ಲ. ಏಳು ವರ್ಷ ಆದರೂ ಬೇಸರ ಬರದಿರಲು ಇದೇ ಕಾರಣ. ಬೋರ್ಡಿನ ಚಿಕ್ಕ ಸ್ವಿಚ್ಚುಗಳಲ್ಲಿ ಕಾಸಿಲ್ಲದೆ ಆಡುವ ವ್ಯವಸ್ಥೆಯೂ ಇದೆ, ನಾನು ಹಾಕಿಲ್ಲ. ಪಕ್ಕದಲ್ಲಿ ಒಂದು ಸ್ಟೀಲ್ ಬಟ್ಟಲು ತುಂಬ ಕ್ವಾರ್ಟರ್ (25 ಸೆಂಟ್) ನಾಣ್ಯ ಇಟ್ಟಿದ್ದೇನೆ. ದೀಪಾವಳಿಗೆ ಮಕ್ಕಳೆಲ್ಲ ಬಂದಾಗ ಸರದಿಗಾಗಿ ಗಾಜಿನ ಕೆಳಗಿನ ಅಂಚಿನಲ್ಲಿ ನಾಣ್ಯ ಸಾಲಾಗಿ ಜೋಡಿಸುತ್ತಾರೆ, ಇಲ್ಲಿನ ಹಳೇ ಆರ್ಕೇಡುಗಳ ಪದ್ಧತಿ ಅದು. ನಾಣ್ಯ ಒಳಗೆ ಉರುಳಿ ಠಣ್ ಅಂದ ಮೇಲೆ ಒಂದೊಂದು ಮಗುವೂ ಗಮನ ಕೊಟ್ಟು ಆಡುತ್ತದೆ.

ದೂರುಗಳು: ಜಾಗ ತಿನ್ನುತ್ತದೆ, ಬಿಡಿಭಾಗಗಳ ಬೆಲೆ ಪ್ರತಿ ವರ್ಷ ಏರುತ್ತಿದೆ. ಇದು 120 ವೋಲ್ಟ್ ಮಷೀನು, ಊರಿಗೆ ಒಯ್ದರೆ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಸುಮ್ನೆ ದುಡ್ಡು ಬೆಳೆಯುತ್ತದೆ ಅಂತ ಕೊಳ್ಳುವವರು ದಯವಿಟ್ಟು ಬೇರೆ ಏನಾದರೂ ನೋಡಿ. ಆಡಬೇಕು ಅಂತ ಆಸೆ ಇರುವವರು ಮೊದಲು ಶಿಕಾಗೋ ಪಕ್ಕದ ಬ್ರೂಕ್‌ಫೀಲ್ಡ್‌ನಲ್ಲಿರುವ ಗ್ಯಾಲಪಿಂಗ್ ಘೋಸ್ಟ್ ಅನ್ನುವ ಆರ್ಕೇಡಿಗೆ ಹೋಗಿ. ಬಾಗಿಲಲ್ಲಿ ಒಮ್ಮೆ ದುಡ್ಡು ಕೊಟ್ಟರೆ ನೂರಾರು ಮಷೀನು ದಿನವಿಡೀ ಆಡಬಹುದು. ಯಾವುದರ ಮುಂದೆ ಮತ್ತೆ ಮತ್ತೆ ಹೋಗಿ ನಿಲ್ಲುತ್ತೀರೋ ಅದನ್ನೇ ಹುಡುಕಿ.

ಈ ಬೇಸಿಗೆಯಲ್ಲಿ ಅಮ್ಮ ಬಂದಿದ್ದಳು. ಮಧ್ಯಾಹ್ನ ಊಟ ಆದ ಮೇಲೆ ಕಾಫಿಯ ಹೊತ್ತಿನ ತನಕ ಇದರ ಮುಂದೆ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದಳು. ನಾಲ್ಕನೇ ಹಂತದಲ್ಲಿ ಬರುವ ಪ್ರೆಟ್ಜೆಲ್ ಅವಳಿಗೆ ಚಕ್ಕುಲಿ. "ಇವತ್ತು ಚಕ್ಕುಲಿ ತಿಂದೆ ಕಣೋ" ಅಂತ ಸಂಜೆ ಹೇಳುತ್ತಿದ್ದಳು. ಆರಿಸಿದರೆ ಈ ಮಷೀನು ಸ್ಕೋರ್ ಮರೆತುಬಿಡುತ್ತದೆ. ಅದಕ್ಕೆ ಅಡುಗೆಮನೆಯ ಕನ್ನಡ ಕ್ಯಾಲೆಂಡರಿನಲ್ಲಿ, ಏಕಾದಶಿಯ ಪಕ್ಕದ ಖಾಲಿ ಜಾಗದಲ್ಲಿ, 28,640 ಅಂತ ಬರೆದು ಹೋಗಿದ್ದಾಳೆ.

ಈಗ ಜಾಯ್‌ಸ್ಟಿಕ್ ಎಡಕ್ಕೆ ತಿರುಗಿಸುವಾಗ ಒಂದೊಂದು ಸಲ ತಪ್ಪುತ್ತಿದೆ. ಒಳಗಿನ ಎಲೆಯಂಥ ತಗಡಿನ ಸ್ವಿಚ್ಚು ಸ್ವಲ್ಪ ಬಾಗಿದೆ, ಅಷ್ಟೇ. ಏಪ್ರಿಲ್‌ಗೆ ಅಮ್ಮ ಮತ್ತೆ ಬರುತ್ತಾಳೆ, ಅಷ್ಟರೊಳಗೆ ಬಿಚ್ಚಿ ಸರಿ ಮಾಡಿಡಬೇಕು.